ಚೂರು ಬಟ್ಟೆಯ ಸಂಚಿ, ಹೆಣ್ಣಿನ ಸ್ವಂತ ಜಾಗ

(ಉಪನ್ಯಾಸವೊಂದರ ಬರಹ ರೂಪ)



ಇಂಗ್ಲೆಂಡಿನ ಮಕ್ಕಳು ಬಹುಕಾಲದಿಂದ ಹಾಡಿಕೊಂಡು ಬಂದಿರುವ ಶಿಶುಗೀತೆಯೊಂದಿದೆ. ಲೂಸಿ ಲಾಕೆಟ್ ಎಂಬಾಕೆ ತನ್ನ ಜೇಬನ್ನು ಕಳೆದುಕೊಂಡದ್ದು, ಇನ್ನೊಬ್ಬಳಿಗೆ ಅದು ಸಿಕ್ಕಿದ್ದು ಅದರ ವಿಷಯ. ಇಂದಿನ ಮಕ್ಕಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಜೇಬಿನೊಳಗಿನ ದುಡ್ಡು ಕಳೆಯುವುದುಂಟು. ಉಡುಪಿಗೇ ಹೊಲಿದಿರುವ ಜೇಬು ಕಳೆದುಹೋಗುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹಳೆಯ ಕಾಲದ ಉಡುಪಿನಲ್ಲಿದೆ. 17ನೇ ಶತಮಾನದ ಉತ್ತರಾರ್ಧದಿಂದ 19ನೇ ಶತಮಾನದ ಕೊನೆಯವರೆಗೆ, ಅಂದರೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ, ಬ್ರಿಟನ್ನಿನ ಹೆಂಗಸರ ಜೇಬು ಉಡುಪಿನ ಭಾಗವಾಗಿರಲಿಲ್ಲ. ಅದು ಬೇರೆಯೇ ಆದ ಒಂದು ಚೀಲ. ಅದಕ್ಕೊಂದು ಲಾಡಿ. ಆ ಲಾಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಮೇಲೆ ಲಂಗ, ಅದರ ಮೇಲೆ ನಿಲುವಂಗಿ ತೊಡುತ್ತಿದ್ದರು. ಲಂಗದ ಪಕ್ಕದಲ್ಲಿ ಬಿಟ್ಟಿದ್ದ ಸೀಳಿನೊಳಗೆ ಕೈ ತೂರಿಸಿದರೆ ಚೀಲದ ಬಾಯಿ ಸಿಗುತ್ತಿತ್ತು. ಲಾಡಿ ಸಡಿಲವಾದರೆ ಅಥವಾ ಕಳ್ಳನೊಬ್ಬ ಅದನ್ನು ಕತ್ತರಿಸಿದರೆ ಇಡೀ ಜೇಬೇ ಹೋಯಿತು! ಗಂಡಸರಿಗೆ ಈ ತೊಂದರೆ ಇರಲಿಲ್ಲ. ಅವರ ಕೋಟು, ಒಳಕೋಟು, ಚಲ್ಲಣಗಳಲ್ಲಿ ದರ್ಜಿಯೇ ಜೇಬು ಹೊಲಿದು ಕೊಡುತ್ತಿದ್ದ.

ಕನ್ನಡಿಗರಿಗೆ ಈ ಚೀಲವನ್ನು ಪರಿಚಯಿಸಲು 'ಸಂಚಿ'ಗಿಂತ ಒಳ್ಳೆಯ ಮಾತಿಲ್ಲ. ನಮ್ಮ ಅಜ್ಜಿಯರು ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದಿಷ್ಟು ಚಿಲ್ಲರೆ ಕಾಸು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದುದು ಸಂಚಿಯನ್ನೇ. 'ಹದಿಬದೆಯ ಧರ್ಮ' ಬರೆದ ಹೊನ್ನಮ್ಮ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುದರಿಂದಲೇ 'ಸಂಚಿಯ ಹೊನ್ನಮ್ಮ' ಎನಿಸಿಕೊಂಡಳು. ಆಕೆಯ ಕಾಲವೂ 17ನೇ ಶತಮಾನದ ಕೊನೆಯ ಭಾಗವೇ. ಎರಡು ದೇಶಗಳ ಸಂಚಿಗೂ ನೇರ ನಂಟೇನೂ ಇಲ್ಲ. ಆದರೆ ಹೆಂಗಸಿಗೆ ತನ್ನದೆನ್ನುವ ಒಂದು ಪುಟ್ಟ ಚೀಲ ಬೇಕು ಎಂಬ ಅಗತ್ಯ ಎರಡೂ ಕಡೆ ಒಂದೇ.

ಇಂಗ್ಲೆಂಡಿನ ಈ ಸಂಚಿಗಳಲ್ಲಿ ಬಹಳಷ್ಟನ್ನು ಮನೆಯಲ್ಲೇ ಹೊಲಿಯುತ್ತಿದ್ದರು. ಅನೇಕವನ್ನು ಹೊಲಿದದ್ದು ಉಳಿಕೆ ಬಟ್ಟೆಯಲ್ಲಿ. ಇದಕ್ಕೆ ಕಾರಣ ತಿಳಿಯಬೇಕಾದರೆ ಅಂದಿನ ಬಟ್ಟೆಯ ಬೆಲೆಯನ್ನು ನೆನೆಯಬೇಕು. ನೂಲುವ ಯಂತ್ರಗಳು ಬಂದದ್ದು 1760ರ ದಶಕದ ನಂತರ. ಅದಕ್ಕೆ ಮೊದಲು ಪ್ರತಿಯೊಂದು ಎಳೆಯನ್ನೂ ಕೈಯಲ್ಲೇ ನೂಲಬೇಕಾಗಿತ್ತು, ಕೈಮಗ್ಗದಲ್ಲೇ ನೇಯಬೇಕಾಗಿತ್ತು. ಹೀಗಾಗಿ ಉಡುಪಿನ ಖರ್ಚಿನಲ್ಲಿ ದೊಡ್ಡ ಪಾಲು ಬಟ್ಟೆಯದು, ಹೊಲಿಗೆಯ ಕೂಲಿ ಅಲ್ಪ. ಇಂದಿನ ಲೆಕ್ಕಕ್ಕೆ ಇದು ತಲೆಕೆಳಗು. ಒಂದು ರೇಷ್ಮೆ ನಿಲುವಂಗಿ ತಾಯಿಯಿಂದ ಮಗಳಿಗೆ ಬಂದು, ಹೊಲಿಗೆ ಬಿಚ್ಚಿಸಿಕೊಂಡು ಹೊಸ ರೂಪ ತಾಳುತ್ತಿತ್ತು. ಸವೆದ ಮೇಲೆ ಮಗುವಿನ ಅಂಗಿಯಾಗುತ್ತಿತ್ತು. ಅಲ್ಲಿಯೂ ಮಿಕ್ಕಿದ ಚೂರುಗಳು ಸೂಜಿಚೀಲ, ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬು, ಟೊಪ್ಪಿಗೆಯ ಒಳಪಟ್ಟಿ, ಸೊಂಟದ ಸಂಚಿ ಇವುಗಳಿಗೆ ಸಲ್ಲುತ್ತಿದ್ದವು.

ಸಂಚಿಯ ಆಕಾರವೇ ಉಳಿಕೆ ಬಟ್ಟೆಗೆ ಹೇಳಿ ಮಾಡಿಸಿದಂತಿತ್ತು. ಅದು ಹೆಚ್ಚಾಗಿ ಪೇರಳೆ ಹಣ್ಣಿನಂತೆ ಮೇಲೆ ಕಿರಿದು, ಕೆಳಗೆ ಅಗಲ. ಮುಂಭಾಗಕ್ಕೊಂದು, ಹಿಂಭಾಗಕ್ಕೊಂದು ತುಂಡು ಕತ್ತರಿಸಿಕೊಳ್ಳುವುದು. ಮುಂದಿನ ತುಂಡಿನಲ್ಲಿ ಮೇಲಿನಿಂದ ಸುಮಾರು ಅರ್ಧದವರೆಗೆ ನೇರವಾಗಿ ಸೀಳಿ, ಸೀಳಿನ ಅಂಚು ಬಿಡದಂತೆ ಪಟ್ಟಿ ಕೊಟ್ಟು ಹೊಲಿಯುವುದು. ಎರಡೂ ತುಂಡುಗಳನ್ನು ಜೋಡಿಸಿ, ಸುತ್ತಲೂ ಇನ್ನೊಂದು ಪಟ್ಟಿಯಿಂದ ಅಂಚು ಕಟ್ಟಿ, ಮೇಲಿನ ಬದಿಯನ್ನು ಲಾಡಿಗೆ ಸೇರಿಸಿದರೆ ಸಂಚಿ ಸಿದ್ಧ. ಒಂದೇ ಲಾಡಿಗೆ ಎರಡು ಸಂಚಿಗಳನ್ನು ಸೇರಿಸಿ ಎಡಬಲಕ್ಕೆ ಇಳಿಬಿಡುವುದೂ ವಾಡಿಕೆ. ಎದುರಿಗೆ ಚೆಂದದ ಬಟ್ಟೆ, ಹಿಂದೆ ಒರಟು ನಾರುಬಟ್ಟೆ ಕೊಡುವ ಜಾಣತನ ಅನೇಕ ಸಂಚಿಗಳಲ್ಲಿ ಕಾಣುತ್ತದೆ. ತಪ್ಪಿಲ್ಲದೆ ನೇರವಾಗಿ ಹೊಲಿಯಲು ಬಂದರೆ ಸಾಕು, ಎಳೆಯ ಹುಡುಗಿಯೂ ಮಾಡಬಹುದಾದ ಕೆಲಸ ಇದು.

ಮುಂಭಾಗಕ್ಕೆ ಒಂದೇ ತುಂಡು ಸಾಲದೆ ಹೋದರೆ? ಆಗ ನಮ್ಮ ಕೌದಿಯಂತೆ ಚೂರಿಗೆ ಚೂರು ಕೂಡಿಸುವುದು. ಇಂಗ್ಲೆಂಡಿನಲ್ಲಿ ಇದಕ್ಕೊಂದು ವಿಶೇಷ ವಿಧಾನ ಬೆಳೆದಿತ್ತು. ಚೌಕ, ತ್ರಿಕೋನ, ಷಟ್ಕೋನಗಳ ಆಕಾರಕ್ಕೆ ಕಾಗದ ಕತ್ತರಿಸಿ, ಅದರ ಮೇಲೆ ಬಟ್ಟೆಯ ಚೂರನ್ನು ಮಡಿಚಿ ಕಚ್ಚಾ ಹೊಲಿಗೆ ಹಾಕಿ, ಅನಂತರ ಅಂಚಿಗೆ ಅಂಚು ಸೇರಿಸಿ ಸಣ್ಣದಾಗಿ ಹೊಲಿಯುತ್ತಿದ್ದರು. ಕಾಗದ ದುಬಾರಿಯಾದ್ದರಿಂದ ಹಳೆಯ ಪತ್ರ, ಲೆಕ್ಕದ ಹಾಳೆಗಳೇ ಅಚ್ಚಾಗುತ್ತಿದ್ದವು. ಕೆಲವು ಹಳೆಯ ಹೊಲಿಗೆಗಳ ಒಳಗೆ ಆ ಕಾಗದ ಹಾಗೆಯೇ ಉಳಿದಿದ್ದು, ಅದರ ಮೇಲಿನ ಬರಹ ಹೊಲಿಗೆಯ ಕಾಲವನ್ನು ಊಹಿಸಲು ಇಂದು ನೆರವಾಗುತ್ತಿದೆ. ಬ್ರಿಟನ್ನಿನಲ್ಲಿ ಇಸವಿ ಹೊಲಿದಿರುವ, ಈ ಬಗೆಯ ಅತಿ ಹಳೆಯದೆಂದು ತಿಳಿದಿರುವ ರೇಷ್ಮೆ ಹೊದಿಕೆ 1718ರದು.

ಈ ಚೂರುಗಳ ನಡುವೆ ಭಾರತದ ಪಾಲೂ ಇದೆ. ಕೋರಮಂಡಲ ತೀರದ ಕುಶಲಿಗಳು ಬಣ್ಣ ಕಚ್ಚಿಸಿ ಬರೆದ ಹೂಬಳ್ಳಿಯ ಹತ್ತಿ ಬಟ್ಟೆ, ನಾವು ಚೀಟಿ ಬಟ್ಟೆ ಎನ್ನುವುದು, 17ನೇ ಶತಮಾನದಲ್ಲಿ ಇಂಗ್ಲೆಂಡಿನ ಮನ ಸೂರೆಗೊಂಡಿತು. ಎಷ್ಟು ಒಗೆದರೂ ಬಣ್ಣ ಬಿಡದ ಹಗುರ ಬಟ್ಟೆ ಅಲ್ಲಿಯವರಿಗೆ ಹೊಸದು. ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರಿಗೆ ಇದರಿಂದ ಪೆಟ್ಟು ಬಿತ್ತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಅಂಥ ಬಟ್ಟೆ ತೊಟ್ಟ ಹೆಂಗಸರ ಮೈಮೇಲಿನ ಉಡುಪನ್ನೇ ಹರಿದುಹಾಕಿದರು. 1700ರ ಕಾನೂನು ಬಣ್ಣದ ಹತ್ತಿ ಬಟ್ಟೆಯ ಆಮದನ್ನು ತಡೆದಿತ್ತು. 1721ರ ಕಾನೂನು ಅಚ್ಚಿನ ಹತ್ತಿ ಬಟ್ಟೆಯನ್ನು ತೊಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿತು. ತೊಟ್ಟವರಿಗೆ 5 ಪೌಂಡ್ ದಂಡ. ಈ ನಿಷೇಧ ತೆರವಾದದ್ದು 1774ರಲ್ಲಿ. ಇಷ್ಟು ಜಗಳಕ್ಕೆ ಕಾರಣವಾದ ಬಟ್ಟೆಯ ಒಂದು ಗೇಣು ಚೂರನ್ನೂ ಯಾರು ತಾನೇ ಎಸೆದಾರು?

ಇನ್ನು ಅಲಂಕಾರದ ಮಾತು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ 18ನೇ ಶತಮಾನದ ಅನೇಕ ಸಂಚಿಗಳ ಮೇಲೆ ರೇಷ್ಮೆ ಅಥವಾ ಉಣ್ಣೆಯ ದಾರದಲ್ಲಿ ಕಸೂತಿ ಮಾಡಿದ ಹೂ, ಎಲೆ, ಬಳ್ಳಿಗಳಿವೆ. ಕೆಲವುಗಳ ಮೇಲೆ ಹೆಸರಿನ ಮೊದಲಕ್ಷರ, ಇಸವಿ ಇವೆ. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ. ಆದರೆ ಅದನ್ನು ತೊಡುವುದು ಲಂಗದ ಒಳಗೆ! ಯಾರ ಕಣ್ಣಿಗೂ ಬೀಳದ ವಸ್ತುವಿಗೆ ಇಷ್ಟೊಂದು ಸಿಂಗಾರ ಯಾಕೆ? ಹುಡುಗಿಯರು ಕೈ ಪಳಗಿಸಿಕೊಳ್ಳಲು ಹೊಲಿದರು ಎನ್ನುವುದು ಒಂದು ಉತ್ತರ. ತಾಯಿ ಮಗಳಿಗೆ, ಗೆಳತಿ ಗೆಳತಿಗೆ ಉಡುಗೊರೆಯಾಗಿ ಕೊಡಲು ಹೊಲಿದರು ಎನ್ನುವುದು ಇನ್ನೊಂದು. ಎರಡೂ ಸರಿಯೇ. ಆದರೆ ಇನ್ನೂ ಆಳದ ಕಾರಣವನ್ನು ತಿಳಿಯಲು ಸಂಚಿಯೊಳಗೆ ಏನಿರುತ್ತಿತ್ತು ಎಂದು ನೋಡಬೇಕು.

ಅದಕ್ಕೆ ದೊಡ್ಡ ಸಾಕ್ಷಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ದಾಖಲೆಗಳು. 1674ರಿಂದ 1913ರವರೆಗಿನ ಅಲ್ಲಿನ ವಿಚಾರಣೆಗಳ ಮುದ್ರಿತ ವರದಿಗಳು ಉಳಿದಿವೆ. ಸಂಚಿ ಕಳೆದುಕೊಂಡ ಹೆಂಗಸರು ಅದರೊಳಗೆ ಏನೇನಿತ್ತು ಎಂದು ಅಲ್ಲಿ ಹೇಳಿದ್ದಾರೆ. ನಾಣ್ಯ, ಬೀಗದ ಕೈ, ಕತ್ತರಿ, ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ, ಕನ್ನಡಕ, ನಶ್ಯದ ಡಬ್ಬಿ, ಪತ್ರ ಹೀಗೆ ಪಟ್ಟಿ ಬೆಳೆಯುತ್ತದೆ. ಮನೆಗೆಲಸದ ಹುಡುಗಿಗೆ ಸ್ವಂತ ಕೋಣೆಯಿಲ್ಲ. ಎಷ್ಟೋ ಸಲ ಸ್ವಂತ ಹಾಸಿಗೆಯೂ ಇಲ್ಲ. ಅವಳ ಉಳಿತಾಯ, ಅವಳ ಗುಟ್ಟು ಎರಡೂ ಸೊಂಟದಲ್ಲಿ. ರಾತ್ರಿ ಬಿಚ್ಚಿಟ್ಟರೆ ದಿಂಬಿನ ಕೆಳಗೆ.

ಇದೇ ದಾಖಲೆಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಗಂಡನಿರುವ ಹೆಂಗಸಿನ ಸಂಚಿ ಕಳುವಾದರೆ ಆರೋಪಪತ್ರದಲ್ಲಿ ಅದು ಗಂಡನ ಸ್ವತ್ತು ಎಂದೇ ನಮೂದಾಗುತ್ತಿತ್ತು. ಏಕೆಂದರೆ ಅಂದಿನ ಆಂಗ್ಲ ಕಾನೂನಿನ ಪ್ರಕಾರ ಮದುವೆಯಾದೊಡನೆ ಹೆಣ್ಣಿನ ಚರ ಸ್ವತ್ತೆಲ್ಲ ಗಂಡನದಾಗುತ್ತಿತ್ತು. ಅವಳೇ ಚೂರು ಕೂಡಿಸಿ, ಅವಳೇ ಹೊಲಿದು, ಅವಳೇ ಹೂ ಬಿಡಿಸಿ, ಅವಳ ಸೊಂಟಕ್ಕೇ ಕಟ್ಟಿಕೊಂಡಿದ್ದ ಚೀಲವೂ ಕಾನೂನಿನ ಕಣ್ಣಿಗೆ ಅವಳದಲ್ಲ! ಆದರೆ ನಿತ್ಯದ ಬಾಳಿನಲ್ಲಿ ಅದರೊಳಗೆ ಕೈ ಹಾಕುವವಳು ಅವಳೊಬ್ಬಳೇ. ಕಾನೂನು ಕೊಡದ ಒಡೆತನವನ್ನು ಸೂಜಿ ದಾರ ಕೊಟ್ಟಿತ್ತು. ಕಾಣದ ಜಾಗದಲ್ಲಿ ಹೂ ಅರಳಿಸಿ ತನ್ನ ಹೆಸರಿನ ಅಕ್ಷರ ಮೂಡಿಸಿದ್ದರ ಅರ್ಥ ಇಲ್ಲಿ ಸ್ವಲ್ಪ ಸ್ಪಷ್ಟವಾಗುತ್ತದೆ.

ಚೂರು ಬಟ್ಟೆಯ ಪುಟ್ಟ ವಸ್ತುವೊಂದು ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಲಂಡನ್ನಿನದೇ ಮತ್ತೊಂದು ನಿದರ್ಶನವಿದೆ. ಸಾಕಲಾಗದ ತಾಯಂದಿರು ತಂದೊಪ್ಪಿಸುವ ಹಸುಗೂಸುಗಳಿಗಾಗಿ ಅಲ್ಲಿನ ಫೌಂಡ್ಲಿಂಗ್ ಆಸ್ಪತ್ರೆ 1741ರಲ್ಲಿ ಬಾಗಿಲು ತೆರೆಯಿತು. ಮುಂದೆ ಗುರುತು ಹಿಡಿಯಲೆಂದು ಪ್ರತಿ ಮಗುವಿನ ದಾಖಲೆಯ ಜತೆ ಏನಾದರೊಂದು ಕುರುಹು ಇಡುತ್ತಿದ್ದರು. ಬಹಳ ಸಲ ಅದು ಒಂದು ಚೂರು ಬಟ್ಟೆ. ಅಂಥ ಸುಮಾರು 5,000 ಚೂರುಗಳು ಇಂದಿಗೂ ಉಳಿದಿವೆ. 1767ರಲ್ಲಿ ಒಬ್ಬ ತಾಯಿ ಬಿಟ್ಟುಹೋದದ್ದು ಬಗೆಬಗೆಯ ಚೂರುಗಳನ್ನು ಕೂಡಿಸಿ ಹೊಲಿದ ಒಂದು ತುಂಡು. ಸೂಜಿಚೀಲವೆಂದು ಅದನ್ನು ಗುರುತಿಸಲಾಗಿದೆ. ಅದರ ಮೇಲೆ ಕಸೂತಿಯ ಹೃದಯ. ಆ ಹೃದಯವನ್ನು ಸರಿಯಾಗಿ ಎರಡು ಹೋಳಾಗುವಂತೆ ಕತ್ತರಿಸಿ, ಅರ್ಧವನ್ನು ಮಗುವಿನ ಜತೆ ಬಿಟ್ಟು, ಅರ್ಧವನ್ನು ಅವಳು ಇಟ್ಟುಕೊಂಡಳು. 1741ರಿಂದ 1760ರವರೆಗೆ ಅಲ್ಲಿ ಸೇರಿದ 16,282 ಮಕ್ಕಳಲ್ಲಿ ಮರಳಿ ಮನೆ ಸೇರಿದ್ದು 152 ಮಾತ್ರ ಎಂದ ಮೇಲೆ ಇಂಥ ಕುರುಹುಗಳಲ್ಲಿ ಬಹುಪಾಲು ವ್ಯರ್ಥವಾದವು ಎನ್ನಬೇಕು. ಆದರೆ ಸಾರಾ ಬೆಂಡರ್ ಎಂಬ ಈ ತಾಯಿ 1775ರಲ್ಲಿ, ಎಂಟು ವರ್ಷಗಳ ಮೇಲೆ, ಬಂದು ಮಗನನ್ನು ಕರೆದೊಯ್ದಳು.

18ನೇ ಶತಮಾನದ ಕೊನೆಗೆ ಫ್ಯಾಷನ್ ಬದಲಾಯಿತು. ಲಂಗದ ಸುತ್ತಳತೆ ಕುಗ್ಗಿತು, ನಡು ಎದೆಯ ಕೆಳಗಿನವರೆಗೂ ಏರಿತು, ಮಸ್ಲಿನ್‌ನಂಥ ತೆಳು ಬಟ್ಟೆಗಳು ಮೆರೆದವು. ಅಂಥ ಉಡುಪಿನ ಕೆಳಗೆ ಉಬ್ಬಿದ ಸಂಚಿಗೆ ಜಾಗವೆಲ್ಲಿ? ಕೈಯಲ್ಲಿ ಹಿಡಿಯುವ, ಬಾಯಿಗೆ ದಾರ ಪೋಣಿಸಿದ 'ರೆಟಿಕ್ಯೂಲ್' ಎಂಬ ಪುಟ್ಟ ಚೀಲ ಬಂದಿತು. ಒಳಗಿದ್ದ ಅಲಂಕಾರ ಹೊರಗೆ ಬಂದದ್ದು ಆಗ. ಇದೂ ಚೂರು ರೇಷ್ಮೆಯಲ್ಲೇ ಆಗುವಂಥದು. ಕಾದಂಬರಿಕಾರ್ತಿ ಜೇನ್ ಆಸ್ಟೆನ್ 1792ರಲ್ಲಿ ಗೆಳತಿಯೊಬ್ಬಳಿಗೆ ಕೈಯಾರೆ ಮಾಡಿ ಕೊಟ್ಟ ಸಣ್ಣ ಚೀಲ, ಅದರೊಳಗೆ ಸುರುಳಿ ಸುತ್ತಿದ ಸೂಜಿಪಟ್ಟಿ, ಅದರೊಳಗಿನ ಇನ್ನೂ ಪುಟ್ಟ ಜೇಬಿನಲ್ಲಿ ನಾಲ್ಕಾರು ಸಾಲಿನ ಪದ್ಯ ಇವನ್ನು ಆಕೆಯ ಸೋದರಳಿಯ ತನ್ನ ಪುಸ್ತಕದಲ್ಲಿ ವರ್ಣಿಸಿದ್ದಾನೆ. ಚೂರುಗಳನ್ನು ಕೂಡಿಸಿ ಆಕೆ, ತಾಯಿ ಮತ್ತು ಅಕ್ಕ ಸೇರಿ ಹೊಲಿದ ಹೊದಿಕೆ ಚಾಟನ್ ಎಂಬ ಊರಿನ ಆಕೆಯ ಮನೆಯಲ್ಲಿ ಇಂದಿಗೂ ಇದೆ.

ಆದರೆ ಸೊಂಟದ ಸಂಚಿ ಅಷ್ಟು ಸುಲಭವಾಗಿ ಮಾಯವಾಗಲಿಲ್ಲ. ಕೈಚೀಲದಲ್ಲಿ ಹಿಡಿಸುವುದು ಎಷ್ಟು? ದುಡಿಯುವ ಹೆಂಗಸಿಗೆ ಎರಡೂ ಕೈ ಬಿಡುವಾಗಿರಬೇಕಲ್ಲ. 19ನೇ ಶತಮಾನದಲ್ಲೂ ಅದು ಬಿಳಿಯ ಹತ್ತಿ ಬಟ್ಟೆಯಲ್ಲಿ, ಹೆಚ್ಚು ಅಲಂಕಾರವಿಲ್ಲದೆ, ಅಗಸರ ಮನೆಯಲ್ಲಿ ಅದಲುಬದಲಾಗದಂತೆ ಹೆಸರಿನ ಅಕ್ಷರ ಮತ್ತು ಸಂಖ್ಯೆ ಹೊತ್ತು ಮುಂದುವರಿಯಿತು. ಉಡುಪಿಗೇ ಜೇಬು ಹೊಲಿಯುವ ಪದ್ಧತಿ ಕ್ರಮೇಣ ಹರಡಿ ಅದು ಮರೆಯಾಗತೊಡಗಿದ್ದು ಆ ಶತಮಾನದ ಕೊನೆಗೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾನೂನೂ ಬದಲಾಯಿತು. 1870ರ ಕಾನೂನು ಮದುವೆಯಾದ ಹೆಣ್ಣಿಗೆ ತನ್ನ ದುಡಿಮೆಯ ಹಣವನ್ನು ತಾನೇ ಇಟ್ಟುಕೊಳ್ಳುವ ಹಕ್ಕು ಕೊಟ್ಟಿತು. 1882ರದು ಸ್ವಂತ ಆಸ್ತಿಯ ಹಕ್ಕು ಕೊಟ್ಟಿತು.

ಬಹುಕಾಲ ಇತಿಹಾಸಕಾರರು ಈ ಸಂಚಿಗಳತ್ತ ಕಣ್ಣು ಹಾಯಿಸಲಿಲ್ಲ. ರಾಜರ ಪೋಷಾಕು, ಶ್ರೀಮಂತರ ಜರತಾರಿಯ ಮುಂದೆ ಹರಕು ಚೂರಿನ ಚೀಲಕ್ಕೆ ಏನು ಬೆಲೆ? ಬಾರ್ಬರಾ ಬರ್ಮನ್ ಮತ್ತು ಆರಿಯಾನ್ ಫೆನೆಟೋ ಎಂಬ ಇಬ್ಬರು ವಿದುಷಿಯರು ಉಳಿದಿರುವ ಸಂಚಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ನ್ಯಾಯಾಲಯದ ದಾಖಲೆ, ಪತ್ರ, ದಿನಚರಿಗಳ ಜತೆ ತಾಳೆ ನೋಡಿ 2019ರಲ್ಲಿ ಇವುಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಇಂದು ಹಳೆಯ ಮಾದರಿಯಲ್ಲಿ, ಮನೆಯ ಉಳಿಕೆ ಬಟ್ಟೆಯಲ್ಲೇ ಇಂಥ ಸಂಚಿ ಹೊಲಿಯುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಹೊಲಿದು ನೋಡಿದಾಗ ಕೆಲವು ಸಂಗತಿಗಳು ಓದಿಗಿಂತ ಚೆನ್ನಾಗಿ ತಿಳಿಯುತ್ತವೆ: ಪೇರಳೆಯ ಆಕಾರವಿದ್ದರೆ ಭಾರವೆಲ್ಲ ಕೆಳಗೆ ಕೂತು ಸಂಚಿ ಅಲುಗಾಡುವುದಿಲ್ಲ, ಸೀಳಿನ ಕೊನೆಗೆ ಒಂದೆರಡು ಹೊಲಿಗೆ ಹೆಚ್ಚು ಹಾಕದಿದ್ದರೆ ಕೈ ಹೋಗಿ ಬಂದು ಅಲ್ಲೇ ಹರಿಯುತ್ತದೆ.

ಹಳೆಯ ಸಂಚಿಗಳಲ್ಲೂ ತೇಪೆ ಬಿದ್ದಿರುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಹೊಲಿದವಳ ಪೂರ್ತಿ ಹೆಸರು ಬಹಳ ಸಲ ತಿಳಿಯುವುದಿಲ್ಲ. ಎರಡಕ್ಷರ ಮತ್ತು ಒಂದು ತೇಪೆ ಉಳಿದಿರುತ್ತವೆ. ಹರಿದದ್ದನ್ನು ಎಸೆಯದೆ ಮತ್ತೆ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಳು ಎನ್ನುವಷ್ಟನ್ನು ಮಾತ್ರ ಅವು ಹೇಳುತ್ತವೆ.