ಔಷಧ ಒಗ್ಗದಿದ್ದರೆ ಏನು ಮಾಡಬೇಕು?

(ಬೆಳೆಗಾರ ಸಭಾಸದರ ಮೇಳಾವದಲ್ಲಿ ಮಾಡಿದ ಆರೋಗ್ಯ ಭಾಷಣ)



ಕಾರಖಾನೆಯ ಸಭೆಯೆಂದರೆ ಬೀಜ, ಗೊಬ್ಬರ, ನೀರು, ದರ ಇವುಗಳ ಮಾತು ಇದ್ದೇ ಇರುತ್ತದೆ. ಇಂದು ನನಗೆ ಒಪ್ಪಿಸಿದ ವಿಷಯ ಬೇರೆ. ಡಾಕ್ಟರು ಬರೆದುಕೊಟ್ಟ ಔಷಧ ಕೆಲವರ ಮೈಗೆ ಒಗ್ಗುವುದಿಲ್ಲ. ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ನಮ್ಮ ಭಾಗಕ್ಕೆ ದವಾಖಾನೆಗಳ ಕೊರತೆಯಿಲ್ಲ. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಜತ್ತ, ಅಥಣಿ, ಚಿಕ್ಕೋಡಿ, ಜಮಖಂಡಿ, ವಿಜಯಪುರ ಕಡೆಯ ಕನ್ನಡ ಜನರು ರೋಗ ಬಂದರೆ ಮಿರಜದ ಹಾದಿ ಹಿಡಿಯುವುದು ರೂಢಿಯಾಗಿದೆ. 1962ರಲ್ಲಿ ಅಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜೂ ಆಯಿತು. ಡಾಕ್ಟರು ಸಿಗುತ್ತಾರೆ, ಗುಳಿಗೆಯೂ ಸಿಗುತ್ತದೆ. ತೊಂದರೆ ಹುಟ್ಟುವುದು ಗುಳಿಗೆ ಮನೆಗೆ ಬಂದ ಮೇಲೆ.

ಗುಳಿಗೆ ನುಂಗಿದ ಮೇಲೆ ತಲೆ ತಿರುಗಿತು, ಹೊಟ್ಟೆ ಕೆಟ್ಟಿತು ಎಂದುಕೊಳ್ಳಿ. ನಮ್ಮಲ್ಲಿ ಎರಡು ಬಗೆಯ ಜನರಿದ್ದಾರೆ. ಒಬ್ಬರು ಯಾರಿಗೂ ಹೇಳದೆ ಗುಳಿಗೆ ಬಿಟ್ಟುಬಿಡುತ್ತಾರೆ. ಇನ್ನೊಬ್ಬರು ಡಾಕ್ಟರು ಕೊಟ್ಟದ್ದು ಎಂದು ಯಾರಿಗೂ ಹೇಳದೆ ಸಹಿಸುತ್ತಾರೆ. ಎರಡೂ ತಪ್ಪೇ. ಬಿಟ್ಟವರಿಗೆ ಮುಂದೆ ಲಕ್ವಾ ಹೊಡೆಯಬಹುದು. ಸಹಿಸಿದವರ ಮೂತ್ರಪಿಂಡ ಕೆಡಬಹುದು. ಇಬ್ಬರೂ ಮಾಡದೆ ಉಳಿದ ಕೆಲಸ ಒಂದೇ: ಡಾಕ್ಟರಿಗೆ ಹೇಳುವುದು. ನಾನು ಇಂದು ಹೇಳಬೇಕಾದ ಮಾತಿನ ತಿರುಳು ಇಷ್ಟೇ. ಉಳಿದದ್ದು ಹೇಗೆ ಹೇಳಬೇಕು, ಎಷ್ಟು ಬೇಗ ಹೇಳಬೇಕು ಎಂಬ ವಿವರ.

ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಏಕೆ ಒಗ್ಗದು?

ಇದನ್ನು ತಿಳಿಯಲು ತಾವು ಪುಸ್ತಕ ಓದಬೇಕಾಗಿಲ್ಲ, ಹೊಲವನ್ನು ನೋಡಿದರೆ ಸಾಕು. ಕಬ್ಬಿನಲ್ಲಿಯ ಅಗಲ ಎಲೆಯ ಕಳೆಗೆ 2,4-ಡಿ ಹೊಡೆಯುತ್ತೀರಿ. ಕಬ್ಬು ಅದನ್ನು ತಾಳಿಕೊಳ್ಳುತ್ತದೆ. ಅದೇ ಔಷಧ ಗಾಳಿಗೆ ತೇಲಿ ಮಗ್ಗುಲಿನ ದ್ರಾಕ್ಷಿ ತೋಟಕ್ಕೆ ತಗುಲಿದರೆ ಎಲೆಗಳು ಮುರುಟಿ, ಬಳ್ಳಿ ಹಾಳಾಗುತ್ತದೆ. ಮಿರಜ, ತಾಸಗಾಂವ ಭಾಗದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಔಷಧ ಒಂದೇ, ಬೆಳೆ ಬೇರೆ.

ಇನ್ನೊಂದು ಉದಾಹರಣೆ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧವನ್ನು ದನಗಳಿಗೂ ಕೊಡುತ್ತಿದ್ದರು. ದನಕ್ಕೆ ನೋವು ಇಳಿಯುತ್ತಿತ್ತು. ಆದರೆ ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಅವು ದೇಶದ ತುಂಬ ಸತ್ತುಹೋದವು. ಆದ್ದರಿಂದ 2006ರಲ್ಲಿ ದನಗಳಿಗಾಗಿ ಆ ಔಷಧ ತಯಾರಿಸುವುದನ್ನು ಸರಕಾರ ನಿಲ್ಲಿಸಿತು.

ಮನುಷ್ಯರಲ್ಲಿ ಅಂತರ ಇಷ್ಟು ದೊಡ್ಡದಲ್ಲವಾದರೂ ಅಂತರವುಂಟು. ಔಷಧವನ್ನು ಅರಗಿಸುವುದು ಪಿತ್ತಜನಕಾಂಗ, ಹೊರಹಾಕುವುದು ಹೆಚ್ಚಾಗಿ ಮೂತ್ರಪಿಂಡ. ವಯಸ್ಸಾದಂತೆ ಇವುಗಳ ಶಕ್ತಿ ಕುಂದುತ್ತದೆ. ಮಗನಿಗೆ ಸರಿಯಾದ ಪ್ರಮಾಣ ತಂದೆಗೆ ಹೆಚ್ಚಾದೀತು. ಆದ್ದರಿಂದ ಈ ಮೊದಲು ಔಷಧ ಒಗ್ಗದ ಅನುಭವ ತಮಗಿದ್ದರೆ, ಹೊಸ ಗುಳಿಗೆ ಬರೆಯುವ ಮೊದಲೇ ಡಾಕ್ಟರನ್ನು ಕೇಳಿರಿ: "ಸಾಹೇಬರ, ಕಡಿಮೆ ಪ್ರಮಾಣದಿಂದ ಸುರು ಮಾಡಲಿಕ್ಕೆ ಬರತೈತೇನರಿ?" ಎಷ್ಟೋ ಔಷಧಗಳಿಗೆ ಹಾಗೆ ಮಾಡಲು ಬರುತ್ತದೆ. ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಯಾವುದಕ್ಕೆ ಹೆದರಬಾರದು?

ಸಕ್ಕರೆ ರೋಗಕ್ಕೆ ಕೊಡುವ ಮೆಟ್ಫಾರ್ಮಿನ್ ಗುಳಿಗೆಯಿಂದ ಮೊದಲ ಕೆಲವು ವಾರ ಭೇದಿ, ಹೊಟ್ಟೆ ತೊಳಸುವಿಕೆ ಆಗಬಹುದು. ಊಟದ ಜೊತೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಕ್ಷಯದ ರಿಫಾಂಪಿಸಿನ್ ನುಂಗಿದರೆ ಮೂತ್ರ ಕೇಸರಿ ಕೆಂಪಾಗುತ್ತದೆ, ಅದು ರಕ್ತವಲ್ಲ. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಅದೂ ಸಹಜ.

ಬಿ.ಪಿ.ಗೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಗುಳಿಗೆಗಳಿಂದ ಕೆಲವರಿಗೆ ಒಣ ಕೆಮ್ಮು ಹತ್ತುತ್ತದೆ. ಕೆಮ್ಮಿನ ಔಷಧ ಎಷ್ಟು ಕುಡಿದರೂ ಅದು ನಿಲ್ಲುವುದಿಲ್ಲ. ಡಾಕ್ಟರು ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ನಂಥ ಬೇರೆ ಗುಂಪಿನ ಗುಳಿಗೆ ಬರೆದರೆ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಅಮ್ಲೋಡಿಪಿನ್‌ನಿಂದ ಕಾಲಗಂಟು ಬಾಯುತ್ತದೆ, ಅದಕ್ಕೂ ದಾರಿಯಿದೆ. ಆದರೆ ತಾವು ಹೇಳದಿದ್ದರೆ ಡಾಕ್ಟರಿಗೆ ತಿಳಿಯುವುದು ಹೇಗೆ?

ತಾವಾಗಿ ಥಟ್ಟನೆ ಬಿಡಲೇಬಾರದ ಗುಳಿಗೆಗಳಿವೆ. ಮೂರ್ಛೆರೋಗದ ಗುಳಿಗೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬರಬಹುದು. ಹೃದಯದ ಅಟೆನೊಲಾಲ್, ಮೆಟೊಪ್ರೊಲಾಲ್ ಬಿಟ್ಟರೆ ಎದೆನೋವು ಕಾಣಿಸಬಹುದು. ಬಹುದಿನ ತೆಗೆದುಕೊಂಡ ಸ್ಟೀರಾಯ್ಡ್ ಬಿಟ್ಟರೆ ಜೀವಕ್ಕೇ ಅಪಾಯ. ಕ್ಷಯದ ಗುಳಿಗೆ ನಡುವೆ ಬಿಟ್ಟರೆ ಮುಂದೆ ಅದೇ ಗುಳಿಗೆಗೆ ರೋಗ ಬಗ್ಗುವುದಿಲ್ಲ.

ಯಾವುದಕ್ಕೆ ತಡಮಾಡಬಾರದು?

ಗುಳಿಗೆ ಅಥವಾ ಸೂಜಿಯ ನಂತರ ತುಟಿ, ಮುಖ, ನಾಲಿಗೆ ಬಾತರೆ, ಮೈತುಂಬ ಪಿತ್ತದ ಗಂಧೆಗಳೆದ್ದು ಉಸಿರು ಕಟ್ಟಿದರೆ, ಅದು ಅಲರ್ಜಿ. ಒಂದು ಗಳಿಗೆಯನ್ನೂ ಕಳೆಯದೆ ಹತ್ತಿರದ ದವಾಖಾನೆಗೆ ಹೋಗಿರಿ, ಇಲ್ಲವೆ 108ಕ್ಕೆ ಫೋನು ಮಾಡಿರಿ. ಜ್ವರದೊಂದಿಗೆ ಚರ್ಮದ ಮೇಲೆ ಬೊಕ್ಕೆಗಳೆದ್ದು, ಬಾಯಿ-ಕಣ್ಣು ಹುಣ್ಣಾದರೂ ಹಾಗೆಯೇ. ಸಲ್ಫಾ ಔಷಧಗಳಿಂದ, ಕೆಲವು ಮೂರ್ಛೆರೋಗದ ಗುಳಿಗೆಗಳಿಂದ ಇದು ಅಪರೂಪಕ್ಕೆ ಆಗುತ್ತದೆ. ಕಣ್ಣು ಹಳದಿಯಾದರೆ, ನೋವಿನ ಗುಳಿಗೆ ತಿಂದ ಮೇಲೆ ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ ಅದೇ ದಿನ ತೋರಿಸಬೇಕು. ಹೋಗುವಾಗ ಗುಳಿಗೆಯ ಪಾಕೀಟು ಜೇಬಿನಲ್ಲಿರಲಿ.

ಇಲ್ಲಿ ಒಂದು ಎಚ್ಚರಿಕೆ. ಹೊಟ್ಟೆ ಕೆಟ್ಟದ್ದನ್ನೆಲ್ಲ ಅಲರ್ಜಿಯೆನ್ನಬೇಡಿರಿ. ಪೆನಿಸಿಲಿನ್‌ನಿಂದ ಭೇದಿಯಾಗುವುದು ಬೇರೆ, ಗಂಧೆಯೆದ್ದು ಉಸಿರು ಕಟ್ಟುವುದು ಬೇರೆ. ಭೇದಿಗೇ ಅಲರ್ಜಿಯೆಂದು ಬರೆಸಿದರೆ, ಮುಂದೆ ಜೀವ ಉಳಿಸಬೇಕಾದ ಒಳ್ಳೆಯ ಔಷಧವೇ ತಮ್ಮ ಕೈತಪ್ಪೀತು.

ರೈತನ ದಿನಚರಿ ಮತ್ತು ಗುಳಿಗೆ

ಪಂಪಿಗೆ ರಾತ್ರಿ ಕರೆಂಟು ಬರುವ ವಾರ. ಸಕ್ಕರೆ ರೋಗವಿರುವ ರೈತ ಗ್ಲಿಮೆಪಿರೈಡ್ ಗುಳಿಗೆ ನುಂಗಿ, ಬಂದು ಉಂಡರಾಯಿತೆಂದು ಕಬ್ಬಿಗೆ ನೀರು ಹಾಯಿಸಲು ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಊಟವಿಲ್ಲದೆ ಗುಳಿಗೆ ಕೆಲಸ ಮಾಡುತ್ತದೆ. ರಕ್ತದಲ್ಲಿಯ ಸಕ್ಕರೆ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಬರುತ್ತದೆ. ಸುತ್ತ ಆಳೆತ್ತರದ ಕಬ್ಬು, ಹತ್ತಿರ ಯಾರೂ ಇಲ್ಲ. ಬಾವಿ, ಕಾಲುವೆ ಪಕ್ಕದಲ್ಲೇ ಇರುತ್ತವೆ. ಆದ್ದರಿಂದ ಇಂಥ ಗುಳಿಗೆ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಊಟ ಬಿಟ್ಟು ಹೊಲಕ್ಕೆ ಹೋಗಬಾರದು. ಕಿಸೆಯಲ್ಲಿ ಸಕ್ಕರೆಯ ಪೊಟ್ಟಣವಿರಲಿ. ನಡುಕ ಬಂದ ಕೂಡಲೆ ಮೂರು ಚಮಚ ಸಕ್ಕರೆ ತಿನ್ನಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಅಷ್ಟೇ ತಿನ್ನಿರಿ, ಸುಧಾರಿಸಿದ ಮೇಲೆ ಊಟ ಮಾಡಿರಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿರಿ, ದವಾಖಾನೆಗೆ ಒಯ್ಯಿರಿ.

ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಬಿಸಿಲಿನಲ್ಲಿ ಗಾಳಿಯಾಡದ ಕಬ್ಬಿನೊಳಗೆ ಬೆವರು ಸುರಿಸಿದರೆ ತಲೆ ತಿರುಗುವುದು ಸಹಜ. ನೀರು ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಿಕೊಂಡಿರಿ. ಕುಳಿತಲ್ಲಿಂದ ನಿಧಾನವಾಗಿ ಏಳಿರಿ. ವಾಂತಿ-ಭೇದಿ ಹತ್ತಿದ ದಿನ ಬಿ.ಪಿ. ಮತ್ತು ಸಕ್ಕರೆಯ ಗುಳಿಗೆ ನುಂಗಬೇಕೋ ಬೇಡವೋ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳಿರಿ.

ಕಬ್ಬು ಕಡಿಯುವ ಹಂಗಾಮಿನಲ್ಲಿ ನಡು ಹಿಡಿಯುತ್ತದೆ. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುವುದು ಹಲವರ ಅಭ್ಯಾಸ. ಅದರಿಂದ ಬಿ.ಪಿ. ಏರುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಬಿ.ಪಿ., ಸಕ್ಕರೆ ರೋಗವಿದ್ದವರಿಗಂತೂ ಇದು ಇನ್ನೂ ಕೆಟ್ಟದ್ದು. ಸಂತೆಯಲ್ಲಿ ಮಾರುವ ಹೆಸರಿಲ್ಲದ ಸಂಧಿವಾತದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಕಂಡುಬಂದಿದೆ. ಅವುಗಳ ಗೊಡವೆಗೇ ಹೋಗಬೇಡಿರಿ.

ಹೇಳುವುದು ಹೇಗೆ?

"ಗುಳಿಗೆ ಉಷ್ಣ ಆಯಿತು" ಎಂದರೆ ಡಾಕ್ಟರಿಗೆ ಏನೂ ತಿಳಿಯದು. ಬಾಯಿ ಒಣಗಿತೋ, ಉರಿಮೂತ್ರವೋ, ಮೈ ತುರಿಸಿತೋ, ಅದನ್ನೇ ಹೇಳಬೇಕು. ಯಾವ ದಿನ ಗುಳಿಗೆ ಸುರುವಾಯಿತು, ಯಾವ ದಿನ ತೊಂದರೆ ಬಂತು, ನುಂಗಿದ ಎಷ್ಟು ಹೊತ್ತಿಗೆ ಬರುತ್ತದೆ, ಈ ಮೂರು ಮಾತು ಮುಖ್ಯ.

ಮಿರಜ, ಸಾಂಗಲಿಯ ದವಾಖಾನೆಗಳಲ್ಲಿ ಕನ್ನಡ ಬಾರದ ಡಾಕ್ಟರರೂ ಇರುತ್ತಾರೆ. ನಮ್ಮ ಮನೆಯ ಹಿರಿಯರಿಗೆ, ಹೆಣ್ಣುಮಕ್ಕಳಿಗೆ ಮರಾಠಿ ಬಾರದೆ ಮಾತು ಗಂಟಲಲ್ಲೇ ಉಳಿಯುತ್ತದೆ. ಅವರಿಗೆ ಈ ಕೆಲವು ಶಬ್ದ ಕಲಿಸಿರಿ: ತಲೆ ತಿರುಗುವುದಕ್ಕೆ ಚಕ್ಕರ್, ವಾಕರಿಕೆಗೆ ಮಳಮಳ, ತುರಿಕೆಗೆ ಖಾಜ, ಮೈಮೇಲಿನ ಗುಳ್ಳೆಗೆ ಪುರಳ, ಬಾವಿಗೆ ಸೂಜ, ಏದುಸಿರಿಗೆ ಧಾಪ, ಒಣ ಕೆಮ್ಮಿಗೆ ಕೋರಡಾ ಖೋಕಲಾ. ಇಷ್ಟು ಬಂದರೆ ಕೆಲಸವಾಗುತ್ತದೆ.

ಕಾರಖಾನೆಯ ತೂಕದ ಚೀಟಿಯನ್ನು ತಾವು ಜೋಪಾನ ಮಾಡುತ್ತೀರಿ. ಹಾಗೆಯೇ ಮನೆಯ ಪ್ರತಿಯೊಬ್ಬರಿಗೆ ಒಂದು ಔಷಧದ ಚೀಟಿ ಮಾಡಿರಿ. ನುಂಗುವ ಗುಳಿಗೆಗಳ ಹೆಸರು, ಒಗ್ಗದ ಔಷಧದ ಹೆಸರು, ಅದರಿಂದ ಏನಾಯಿತು, ಯಾವ ವರ್ಷ, ಇಷ್ಟು ಬರೆದಿರಲಿ. ಪಾಕೀಟಿನ ಮೇಲೆ ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರುತ್ತದೆ. ಅದನ್ನೇ ಬರೆಯಿರಿ, ಬೇಕಾದರೆ ಶಾಲೆಗೆ ಹೋಗುವ ಮಗುವಿನ ಕೈಯಿಂದ ಬರೆಸಿರಿ. ಊರ ಡಾಕ್ಟರು ಒಂದು, ಮಿರಜದ ಡಾಕ್ಟರು ಒಂದು ಕೊಟ್ಟಾಗ, ಹೆಸರು ಬೇರೆಯಾಗಿ ಒಳಗಿನ ಔಷಧ ಒಂದೇ ಆಗಿರುವುದುಂಟು. ಆಗ ಎರಡು ಪಟ್ಟು ಔಷಧ ಹೊಟ್ಟೆಗೆ ಹೋಗುತ್ತದೆ. ದವಾಖಾನೆಗೆ ಹೋಗುವಾಗ ಮನೆಯಲ್ಲಿಯ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಒಯ್ದು ತೋರಿಸುವುದು ಉತ್ತಮ.

ತಮ್ಮ ಮಾತು ದೇಶಕ್ಕೂ ಬೇಕು

1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಗುಳಿಗೆ ಮಾರಾಟಕ್ಕೆ ಬಂತು. ಅದನ್ನು ನುಂಗಿದ ಗರ್ಭಿಣಿಯರಿಗೆ ಕೈಕಾಲು ಊನವಾದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ 1961ರಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರು. ಔಷಧದ ತೊಂದರೆಗಳನ್ನು ಒಂದೆಡೆ ಬರೆದಿಡುವ ವ್ಯವಸ್ಥೆ ಜಗತ್ತಿನಲ್ಲಿ ಬೆಳೆದದ್ದು ಆ ಪೆಟ್ಟಿನಿಂದ. ನಮ್ಮ ದೇಶದಲ್ಲಿ 2010ರಿಂದ ಇದಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವಿದೆ. ಡಾಕ್ಟರಷ್ಟೇ ಅಲ್ಲ, ರೋಗಿಯೂ ತನಗಾದ ತೊಂದರೆಯನ್ನು ತಿಳಿಸಬಹುದು. ಅರ್ಜಿಯ ನಮೂನೆ ಕನ್ನಡದಲ್ಲೂ ಮರಾಠಿಯಲ್ಲೂ ಇದೆ. ಪುಕ್ಕಟೆ ಫೋನು 1800-180-3024. ಒಬ್ಬ ರೈತ ತಿಳಿಸಿದ ತೊಂದರೆ ನೂರು ಕಡೆಯಿಂದ ಬಂದ ಅಂಥದೇ ತೊಂದರೆಗಳೊಡನೆ ಕೂಡಿದಾಗ ಅದು ಪುರಾವೆಯಾಗುತ್ತದೆ. ಹನಿ ಕೂಡಿದರೆ ಹಳ್ಳ ಎಂಬ ಸಹಕಾರದ ಪಾಠ ಇಲ್ಲಿಯೂ ನಿಜ.

ಬಂಧುಗಳೇ, ಔಷಧವೆಂದರೆ ಅಂಜಬೇಕಾದ ವಸ್ತುವೂ ಅಲ್ಲ, ಕಣ್ಣುಮುಚ್ಚಿ ನಂಬಬೇಕಾದ ಪ್ರಸಾದವೂ ಅಲ್ಲ. ಅಳತೆ ತಪ್ಪಿದರೆ ಯೂರಿಯಾ ಕೂಡ ಬೆಳೆಯನ್ನು ಸುಡುತ್ತದೆ. ಹಾಗೆಂದು ಗೊಬ್ಬರ ಹಾಕುವುದನ್ನು ಯಾರೂ ಬಿಟ್ಟಿಲ್ಲ. ಇಂದು ಮನೆಗೆ ಹೋದ ಮೇಲೆ ತಾಯಿ-ತಂದೆಯರನ್ನು, ಮನೆಯವರನ್ನು ಒಂದು ಮಾತು ಕೇಳಿರಿ: "ಗುಳಿಗೆ ಸರಿಯಾಗಿ ನುಂಗುತ್ತೀರಾ? ನುಂಗಿದ ಮೇಲೆ ಏನಾದರೂ ಆಗುತ್ತದೆಯೇ?" ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದು, ಮುಂದಿನ ಸಲ ದವಾಖಾನೆಗೆ ಹೋಗುವಾಗ ಒಯ್ಯಿರಿ. ಇಷ್ಟಾದರೆ ಈ ಭಾಷಣದ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇನೆ.