ವಯಸ್ಸನ್ನರಿತು ಆಡುವ ಮಾತು

(ಅರಕಲಗೂಡಿನಲ್ಲಿ ಆಪ್ತಸಲಹೆಯ ಅಭ್ಯಾಸಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನೊಂದವರ ಮಾತನ್ನು ಆಲಿಸಿ ನೆರವಾಗಬೇಕೆಂಬ ಸದುದ್ದೇಶದಿಂದ ನಿಮ್ಮಲ್ಲಿ ಕೆಲವರು ಆಪ್ತಸಲಹೆಯ ತರಬೇತಿಯನ್ನು ಕೈಗೊಂಡಿದ್ದೀರಿ. ಅದರ ಪಠ್ಯದಲ್ಲಿ ಮಾನವನ ಜೀವಿತಾವಧಿಯ ಬೆಳವಣಿಗೆಯೂ ಒಂದು ವಿಷಯ. ಸಂತೈಸಲು ಬಂದವರಿಗೆ ಶಿಶುವಿನ ನಡಿಗೆಯಿಂದ ಮೊದಲ್ಗೊಂಡು ವೃದ್ಧರ ಮರೆವಿನವರೆಗಿನ ಈ ಪಾಠವೆಲ್ಲ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ನೀಡುವುದೇ ಈ ಮಾತುಗಳ ಉದ್ದೇಶ.

ಮೂವರು ನಿಮ್ಮ ಬಳಿಗೆ ಬಂದರೆಂದು ಭಾವಿಸಿ. ಒಬ್ಬನು ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣನಾದ 16ರ ಬಾಲಕ. ಇನ್ನೊಬ್ಬರು 45ರ ರೈತರು. ಆಲೂಗೆಡ್ಡೆಗೆ ಅಂಗಮಾರಿ ರೋಗ ತಗುಲಿದೆ, ರಾಮನಾಥಪುರದ ಹರಾಜಿನಲ್ಲಿ ಹೊಗೆಸೊಪ್ಪಿಗೆ ಬೆಲೆ ದೊರೆತಿಲ್ಲ. ಮೂರನೆಯವರು 80ರ ಅಜ್ಜಿ. ಅವರು ಬಾಳಿದ ಊರು ಹೇಮಾವತಿ ಜಲಾಶಯದಲ್ಲಿ ಮುಳುಗಿದೆ. ಮೂವರೂ ಆಡುವ ಮಾತು ಒಂದೇ: "ಇನ್ನು ನನ್ನಿಂದ ಏನೂ ಆಗದು." ಮಾತು ಒಂದಾದರೂ ನೋವು ಒಂದಲ್ಲ. ಮೂವರಿಗೂ "ಧೈರ್ಯವಾಗಿರಿ" ಎಂದಷ್ಟೇ ಹೇಳಿ ಕಳುಹಿಸಿದರೆ ಮೂವರೂ ಬಂದ ಭಾರವನ್ನೇ ಹೊತ್ತು ಹಿಂದಿರುಗುತ್ತಾರೆ.

ಎರಿಕ್ ಎರಿಕ್ಸನ್ ಎಂಬ ಮನೋವಿಶ್ಲೇಷಕರು 1950ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮಾನವಜೀವನವನ್ನು 8 ಘಟ್ಟಗಳಾಗಿ ವಿಂಗಡಿಸಿದರು. ಒಂದೊಂದು ಘಟ್ಟಕ್ಕೂ ಒಂದೊಂದು ಹೋರಾಟ. ಶಿಶುವಿಗೆ ಜಗತ್ತನ್ನು ನಂಬಬಹುದೇ ಎಂಬುದು; ಶಾಲೆಗೆ ಹೋಗುವ ಮಗುವಿಗೆ ತಾನು ಕೆಲಸ ಬಲ್ಲೆನೇ ಎಂಬುದು; ಹದಿಹರೆಯಕ್ಕೆ ತಾನು ಯಾರು ಎಂಬುದು; ಯೌವನಕ್ಕೆ ಆಪ್ತತೆ ಇಲ್ಲವೆ ಒಂಟಿತನ; ಮಧ್ಯವಯಸ್ಸಿಗೆ ಮುಂದಿನ ಪೀಳಿಗೆಗೆ ತಾನು ಏನು ಕೊಟ್ಟೆ ಎಂಬುದು; ಮುಪ್ಪಿಗೆ ಬಾಳಿದ ಬಾಳು ಸಾರ್ಥಕವೇ ಎಂಬುದು.

ಈ ಬೆಳಕಿನಲ್ಲಿ ಆ ಮೂವರನ್ನು ಮತ್ತೊಮ್ಮೆ ನೋಡೋಣ. ಬಾಲಕನಿಗೆ ಅಂಕಪಟ್ಟಿಯೇ ತಾನೆಂಬ ಭ್ರಮೆ ಕವಿದಿದೆ. ಪರೀಕ್ಷೆಯನ್ನು ಮತ್ತೆ ಬರೆಯುವ ಅವಕಾಶದ ವಿಚಾರವನ್ನು ಹೇಳುವುದು ಅವಶ್ಯ. ಆದರೆ ಅದಕ್ಕೂ ಮೊದಲು ಅಂಕಪಟ್ಟಿಯಾಚೆ ಅವನಲ್ಲಿ ಏನೇನಿದೆ ಎಂಬುದನ್ನು ಅವನ ಬಾಯಿಂದಲೇ ಹೊರಡಿಸಬೇಕು. ರೈತರನ್ನು ಸಾಲಕ್ಕಿಂತಲೂ ಹೆಚ್ಚಾಗಿ ಸುಡುತ್ತಿರುವುದು ಮಕ್ಕಳ ಮುಂದೆ ತಾವು ಸೋತೆವೆಂಬ ಭಾವನೆಯಾಗಿರಬಹುದು. ಅಜ್ಜಿ ಊರಿನ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಾರೆ; ಮನೆಯವರು ಅದನ್ನು ಅರಳುಮರಳು ಎನ್ನುತ್ತಾರೆ. ಆದರೆ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿಯೇ, ವೃದ್ಧರು ಹೀಗೆ ಹಿಂದಿನದನ್ನು ನೆನೆಯುವುದು ತಮ್ಮ ಬದುಕಿನ ಲೆಕ್ಕವನ್ನು ತಾವೇ ಒಪ್ಪಮಾಡಿಕೊಳ್ಳುವ ಸಹಜ ಕ್ರಿಯೆಯೆಂದು ಪ್ರತಿಪಾದಿಸಿದರು. ಶೆಟ್ಟಿಹಳ್ಳಿಯ ಹಳೆಯ ದೇವಾಲಯದ ಅವಶೇಷವನ್ನು ನೋಡಲು ಪ್ರವಾಸಿಗರು ದೂರದಿಂದ ಬರುತ್ತಾರೆ. ಮುಳುಗಿದ ಊರನ್ನು ಎದೆಯಲ್ಲಿ ಹೊತ್ತವರ ಮಾತಿಗೆ ಮನೆಯಲ್ಲಿಯೇ ಕಿವಿಗೊಡುವವರಿಲ್ಲ. ಅಜ್ಜಿಗೆ ಬೇಕಾದುದು ಉಪದೇಶವಲ್ಲ, ಶ್ರೋತೃ.

ಹಾಗೆಂದು ಈ ಘಟ್ಟಗಳನ್ನು ಕಲ್ಲಿನ ಬೇಲಿಯೆಂದು ತಿಳಿಯಬಾರದು. ಜರ್ಮನಿಯ ಪೌಲ್ ಬಾಲ್ಟೆಸ್ ಅವರು ಬೆಳವಣಿಗೆ ಯೌವನಕ್ಕೆ ಮುಗಿಯುವುದಿಲ್ಲ, ಪ್ರತಿಯೊಂದು ವಯಸ್ಸಿನಲ್ಲಿಯೂ ಗಳಿಕೆ ಮತ್ತು ನಷ್ಟ ಎರಡೂ ಇವೆ ಎಂದು ತೋರಿಸಿದರು. ಇದಲ್ಲದೆ ಪಶ್ಚಿಮದ ಸಿದ್ಧಾಂತವನ್ನು ನಮ್ಮ ಮನೆಗಳಿಗೆ ಹಾಗೆಯೇ ಅಳವಡಿಸಲಾಗದು. ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವುದು ಅಲ್ಲಿ ಹರೆಯದ ಲಕ್ಷಣ; ಇಲ್ಲಿ ತಂದೆ ತಾಯಿ, ಅಣ್ಣ, ಸೋದರಮಾವ ಎಲ್ಲರೂ ಆ ನಿರ್ಧಾರದಲ್ಲಿ ಪಾಲುದಾರರು. ಭಾರತೀಯ ಬಾಲ್ಯವನ್ನು ಕುರಿತು 1978ರಲ್ಲಿ ಗ್ರಂಥ ರಚಿಸಿದ ಸುಧೀರ್ ಕಾಕರ್ ಅವರು ಎರಿಕ್ಸನ್ನರ ಘಟ್ಟಗಳನ್ನು ನಮ್ಮ ಆಶ್ರಮಕಲ್ಪನೆಯೊಡನೆ ಹೋಲಿಸಿ ಪರಿಶೀಲಿಸಿದ್ದಾರೆ. ಪುಸ್ತಕ ದಾರಿ ತೋರಿಸುವ ದೀಪ. ಎದುರಿಗೆ ಕುಳಿತ ವ್ಯಕ್ತಿಯೇ ಓದಬೇಕಾದ ಗ್ರಂಥ.

ನಿಮ್ಮ ಮಿತಿಯನ್ನೂ ಅರಿತಿರಬೇಕು. ನಿದ್ರಾಹಾರಗಳನ್ನು ತೊರೆದವರು, ಬಾಳು ಸಾಕೆನ್ನುವವರು ಬಂದಾಗ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಉತ್ತರ ಹೌದೆಂದಾದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕನ್ನಡದಲ್ಲಿಯೇ ಮಾತನಾಡಬಹುದು. ಇನ್ನೊಂದು ಮಾತು: ಆಪ್ತಸಲಹೆ ಪಾಪನಿವೇದನೆಯಲ್ಲ. ಪಾಪನಿವೇದನೆಯ ಗುಟ್ಟು ಯಾವ ಕಾರಣಕ್ಕೂ ಒಡೆಯಲಾಗದು. ಆಪ್ತಸಲಹೆಯಲ್ಲಿಯಾದರೋ ಪ್ರಾಣಕ್ಕೆ ಅಪಾಯವಿರುವಾಗ ಮೌನವಾಗಿರುವುದು ತರವಲ್ಲ. ಇದನ್ನು ಬಂದವರಿಗೆ ಮೊದಲೇ ತಿಳಿಸುವುದು ಪ್ರಾಮಾಣಿಕತೆ.

ಪಾಲನಾಸೇವೆಯಲ್ಲಿ ಮನೋವಿಜ್ಞಾನ, ಸಮಾಜವಿಜ್ಞಾನಗಳ ತಿಳಿವನ್ನೂ ಬಳಸಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸೂಚಿಸಿತು. ನೂರು ವರ್ಷ ಪೂರೈಸಿದ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ಕೂಸಿನಿಂದ ಹಿಡಿದು ಊರುಗೋಲಿನ ಹಿರಿಯರವರೆಗೆ ಎಲ್ಲ ವಯಸ್ಸಿನವರೂ ಒಂದೇ ಸೂರಿನಡಿ ಸೇರುತ್ತಾರೆ. ಅವರಲ್ಲಿ ಯಾರೇ ಆಗಲಿ ನಿಮ್ಮ ಮುಂದೆ ಬಂದು ಕುಳಿತಾಗ, ಇವರ ವಯಸ್ಸಿಗೆ ಎದುರಾಗಿರುವ ಹೋರಾಟ ಯಾವುದು, ಜೊತೆಗೆ ನಿಲ್ಲುವವರು ಯಾರು, ಕೈಯಲ್ಲಿ ಉಳಿದಿರುವ ಬಲವೆಷ್ಟು ಎಂಬ ಮೂರು ವಿಚಾರಗಳನ್ನು ಮನದಲ್ಲಿಟ್ಟುಕೊಂಡು ಆಲಿಸಿರಿ. ನಿಮ್ಮ ಅಭ್ಯಾಸ ಫಲಪ್ರದವಾಗಲಿ.