ಬೀಜಾಣುವಿನ ಕವಚ



ಕುದಿಸಿದರೆ ಸಕಲ ಸೂಕ್ಷ್ಮಜೀವಿಗಳೂ ನಾಶವಾಗುತ್ತವೆಂಬುದು ಸಾಮಾನ್ಯ ನಂಬಿಕೆ. ಇದು ಪೂರ್ಣಸತ್ಯವಲ್ಲವೆಂದು ಜರ್ಮನಿಯ ಫರ್ಡಿನಾಂಡ್ ಕೋನ್ 1876ರಲ್ಲಿಯೇ ತೋರಿಸಿದರು. ಆಹಾರ ಮುಗಿದಾಗ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯವು ತನ್ನೊಳಗೇ ಬೀಜಾಣುವೊಂದನ್ನು ರೂಪಿಸುತ್ತದೆ. ಅದರ ಕವಚಕ್ಕೆ ‘ಸ್ಪೋ-ಫೋರ್-ಎ’ ಎಂಬ ಪ್ರೋಟೀನು ಅಡಿಪಾಯ ಹಾಕಿದರೆ, ‘ಕಾಟ್-ಇ’ ಎಂಬುದು ಹೊರಪದರವನ್ನು ಜೋಡಿಸುತ್ತದೆ. ಹೀಗೆ 70ಕ್ಕೂ ಹೆಚ್ಚು ಪ್ರೋಟೀನುಗಳಿಂದಾದ ಕವಚವು ರಾಸಾಯನಿಕಗಳನ್ನು ತಡೆಯುತ್ತದೆ. ನೀರಿನಂಶ ತಗ್ಗಿದ ತಿರುಳು ಶಾಖವನ್ನು ತಾಳುತ್ತದೆ.

ಇದೇ ಬಳಗದ ಬ್ಯಾಸಿಲಸ್ ಸೀರಿಯಸ್‌ನ ಬೀಜಾಣುಗಳು ಬೆಂದ ಅನ್ನದಲ್ಲಿಯೂ ಉಳಿಯಬಲ್ಲವು. ಅನ್ನ ಬಹುಹೊತ್ತು ಹೊರಗಿದ್ದರೆ ಅವು ಮೊಳೆತು ಬೆಳೆಯುತ್ತವೆ. ಆಗ ಉಂಟಾಗುವ, ವಾಂತಿ ತರಿಸುವ ವಿಷವು ಮತ್ತೆ ಬಿಸಿಮಾಡಿದರೂ ಅಳಿಯದು. ಆದುದರಿಂದ ಉಳಿದ ಅನ್ನವನ್ನು ಬೇಗನೆ ತಣಿಸಿ ಫ್ರಿಜ್‌ನಲ್ಲಿಡಿ.